ಕಾಗದದಷ್ಟು ಅಂತರ, ಪಟ್ಟದಷ್ಟು ಬೆಲೆ: ರೇಸ್ ಕಾರಿನ ಬಿಗಿತವನ್ನು ಅಳೆಯುವುದು ಹೇಗೆ?

2025ರ ನವೆಂಬರ್ 22ರ ರಾತ್ರಿ ಅಮೆರಿಕದ ಲಾಸ್ ವೇಗಸ್ ನಗರದಲ್ಲಿ ಫಾರ್ಮುಲಾ ಒನ್ ಸ್ಪರ್ಧೆ ಮುಗಿದಾಗ ಮ್ಯಾಕ್ಲಾರೆನ್ ತಂಡದ ಲ್ಯಾಂಡೊ ನಾರಿಸ್ ಎರಡನೆಯವರಾಗಿಯೂ, ಅದೇ ತಂಡದ ಆಸ್ಕರ್ ಪಿಯಾಸ್ಟ್ರಿ ನಾಲ್ಕನೆಯವರಾಗಿಯೂ ಗುರಿ ಮುಟ್ಟಿದ್ದರು. ಕೆಲವೇ ಗಂಟೆಗಳಲ್ಲಿ ಇಬ್ಬರ ಹೆಸರೂ ಫಲಿತಾಂಶದ ಪಟ್ಟಿಯಿಂದ ಅಳಿಸಿಹೋಯಿತು. ಕಾರಿನ ತಳದಲ್ಲಿ ಅಳವಡಿಸುವ ಹಲಗೆಯೂ ಅದರ ಸವೆತದ ಪಟ್ಟಿಗಳೂ ಸ್ಪರ್ಧೆಯ ಕೊನೆಗೆ ಕನಿಷ್ಠ 9 ಮಿ.ಮೀ. ದಪ್ಪ ಉಳಿದಿರಬೇಕೆಂಬುದು ನಿಯಮ. ನಾರಿಸ್ ಕಾರಿನ ಎರಡು ಕಡೆಗಳಲ್ಲಿ ಅಧಿಕಾರಿಗಳಿಗೆ ದೊರೆತ ಅಳತೆ 8.88 ಮತ್ತು 8.93 ಮಿ.ಮೀ. ಕೊರತೆ ಹೆಚ್ಚೆಂದರೆ 0.12 ಮಿ.ಮೀ.; ಅಂದರೆ ಬರೆಯುವ ಕಾಗದದ ಒಂದು ಹಾಳೆಯ ದಪ್ಪಕ್ಕಿಂತ ತುಸು ಹೆಚ್ಚು.

ಆ ಒಂದು ಹಾಳೆಯ ಬೆಲೆ 18 ಅಂಕ. ಡಿಸೆಂಬರ್ 7ರಂದು ಅಬುಧಾಬಿಯಲ್ಲಿ ಋತು ಮುಗಿದಾಗ ನಾರಿಸ್ 423 ಅಂಕ ಗಳಿಸಿ ವಿಶ್ವ ಚಾಂಪಿಯನ್ ಆದರು. ರೆಡ್‌ಬುಲ್‌ನ ಮ್ಯಾಕ್ಸ್ ವರ್ಸ್ಟಾಪನ್ ಗಳಿಸಿದ್ದು 421. ಇಡೀ ವರ್ಷದ ದುಡಿಮೆಯ ಫಲ ಎರಡೇ ಅಂಕಗಳ ಅಂತರದಲ್ಲಿ ತೂಗಾಡಿತ್ತು. ಕಾರು ನಿರೀಕ್ಷೆಗಿಂತ ಹೆಚ್ಚು ಪುಟಿದುದರಿಂದ ತಳ ನೆಲಕ್ಕೆ ಉಜ್ಜಿತು ಎಂದು ತಂಡವು ಕಾರಣ ನೀಡಿತು. ಬೇಕೆಂದೇ ಮಾಡಿದ ಮೋಸವಲ್ಲ ಎಂಬುದನ್ನು ಅಧಿಕಾರಿಗಳೂ ಒಪ್ಪಿದರು. ಆದರೆ ಅಳತೆಯ ಮುಂದೆ ಉದ್ದೇಶಕ್ಕೆ ಬೆಲೆಯಿಲ್ಲ.

ನೆಲಕ್ಕೂ ಕಾರಿನ ತಳಕ್ಕೂ ನಡುವಿನ ಆ ಕೆಲವು ಮಿಲಿಮೀಟರ್‌ಗಳನ್ನು ಕಾಯುವುದು ಸಸ್ಪೆನ್ಷನ್. ಅದು ಎಷ್ಟು ಭಾರಕ್ಕೆ ಎಷ್ಟು ಬಾಗುತ್ತದೆ ಎಂಬುದನ್ನು ತಿಳಿಯದೆ ಯಾವ ತಂಡವೂ ಆ ಎತ್ತರವನ್ನು ನಿಶ್ಚಯಿಸಲಾರದು. ಹೊರನೋಟಕ್ಕೆ ಕಾರ್ಖಾನೆಯ ಮೂಲೆಯ ವಿಷಯದಂತೆ ತೋರುವ ಈ ಅಳತೆಯ ಹಿಂದೆ ಪಟ್ಟದ ಲೆಕ್ಕವೂ, ನಿಯಮದ ನ್ಯಾಯವೂ, ಚಾಲಕನ ಬೆನ್ನುಮೂಳೆಯ ಕ್ಷೇಮವೂ ಅಡಗಿವೆ.

ಗಟ್ಟಿ ಎಂಬ ಒಂದು ಮಾತು, ಮೂರು ಅರ್ಥ

ಮೊದಲಿಗೆ ಪದಗಳ ಗೊಂದಲವನ್ನು ಬಗೆಹರಿಸಿಕೊಳ್ಳುವುದು ಒಳಿತು. ದಿನನಿತ್ಯದ ಮಾತಿನಲ್ಲಿ ‘ಗಟ್ಟಿ’ ಎಂಬ ಒಂದೇ ಪದದಿಂದ ನಾವು ಮೂರು ಬೇರೆ ಬೇರೆ ಗುಣಗಳನ್ನು ಸೂಚಿಸುತ್ತೇವೆ. ಗೀರು ಬೀಳದಿರುವುದು ಗಡಸುತನ. ಮುರಿಯದಿರುವುದು ಬಲ. ಭಾರ ಬಿದ್ದಾಗ ಬಾಗದಿರುವುದು ಬಿಗಿತ. ರೇಸ್ ಎಂಜಿನಿಯರ್ ತನ್ನ ಸಸ್ಪೆನ್ಷನ್ ಭಾಗಗಳಲ್ಲಿ ಬಲದಷ್ಟೇ ಆಸ್ಥೆಯಿಂದ ಹುಡುಕುವುದು ಈ ಮೂರನೆಯ ಗುಣವನ್ನು.

ಇವು ಒಂದಕ್ಕೊಂದು ಹೊಂದಿಕೊಂಡೇ ಇರುತ್ತವೆ ಎಂಬ ನಂಬಿಕೆ ತಪ್ಪು. ಸಾಮಾನ್ಯ ಉಕ್ಕಿನ ಬದಲು ಹೆಚ್ಚು ಬಲದ ದುಬಾರಿ ಉಕ್ಕನ್ನು ಬಳಸಿದರೆ ಭಾಗ ಬೇಗ ಮುರಿಯುವುದಿಲ್ಲ, ನಿಜ. ಆದರೆ ಆಕಾರ, ಗಾತ್ರ ಅವೇ ಆಗಿದ್ದರೆ ಅದು ಬಾಗುವ ಪ್ರಮಾಣ ಬಹುತೇಕ ಹಾಗೆಯೇ ಉಳಿಯುತ್ತದೆ. ಲೋಹದ ಬಿಗಿತ ಅದರ ಮೂಲ ಸ್ವಭಾವಕ್ಕೆ ಸೇರಿದ್ದು. ಅಲ್ಯೂಮಿನಿಯಂಗಿಂತ ಉಕ್ಕು ಸುಮಾರು ಮೂರು ಪಟ್ಟು ಬಿಗಿ. ಅದನ್ನು ಕುಲುಮೆಯಲ್ಲಿ ಕಾಯಿಸಿ, ತಣಿಸಿ ಬದಲಿಸಲಾಗದು. ಬದಲಿಸಬಹುದಾದದ್ದು ಆಕಾರ ಮತ್ತು ಜೋಡಣೆ ಮಾತ್ರ.

ಎಳೆತಕ್ಕೆ ತಕ್ಕಷ್ಟು ಹಿಗ್ಗುವಿಕೆ ಎಂಬ ಸೂತ್ರವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲಿಯೇ ವಿವರಿಸಿದ್ದ. ಇಂದಿಗೂ ಲೆಕ್ಕ ಅದೇ. ಹಾಕಿದ ಬಲವನ್ನು ನ್ಯೂಟನ್‌ಗಳಲ್ಲಿಯೂ, ಆದ ಬಾಗುವಿಕೆಯನ್ನು ಮಿಲಿಮೀಟರ್‌ಗಳಲ್ಲಿಯೂ ಅಳೆದು ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಬಿಗಿತ ದೊರೆಯುತ್ತದೆ. ಸೂತ್ರ ಪ್ರೌಢಶಾಲೆಯದು, ಕಷ್ಟವಿರುವುದು ಅಳೆಯುವುದರಲ್ಲಿ.

ಸರಪಳಿಯ ಲೆಕ್ಕ

ರಸ್ತೆಯ ಮೇಲಿನ ಚಕ್ರಕ್ಕೂ ಚಾಲಕ ಕುಳಿತ ಒಡಲಿಗೂ ನಡುವೆ ಒಂದು ಸರಪಳಿಯೇ ಇದೆ. ಟೈರ್, ಚಕ್ರ, ಬೇರಿಂಗ್, ಚಕ್ರವನ್ನು ಹಿಡಿದಿರುವ ಅಪ್‌ರೈಟ್, ವಿಶ್‌ಬೋನ್ ತೋಳುಗಳು, ಪುಷ್‌ರಾಡ್, ರಾಕರ್, ಸ್ಪ್ರಿಂಗ್, ಕೊನೆಗೆ ಇವೆಲ್ಲವನ್ನೂ ಒಡಲಿಗೆ ಕಚ್ಚಿಸುವ ಬ್ರ್ಯಾಕೆಟ್ಟು, ಬೋಲ್ಟುಗಳು. ಸ್ಪ್ರಿಂಗ್ ಮಾತ್ರ ಬಾಗಲಿ, ಉಳಿದುದೆಲ್ಲ ಬಂಡೆಯಂತೆ ನಿಲ್ಲಲಿ ಎಂಬುದು ವಿನ್ಯಾಸಕಾರನ ಆಸೆ. ವಾಸ್ತವದಲ್ಲಿ ಪ್ರತಿಯೊಂದು ಕೊಂಡಿಯೂ ತನ್ನ ಪಾಲಿನಷ್ಟು ಬಾಗುತ್ತದೆ.

ಒಂದು ಉದಾಹರಣೆ ನೋಡಬಹುದು. ಮಿಲಿಮೀಟರ್‌ಗೆ 200 ನ್ಯೂಟನ್ ಬಿಗಿತದ ಸ್ಪ್ರಿಂಗನ್ನು 1000 ನ್ಯೂಟನ್ ಬಿಗಿತದ ಬ್ರ್ಯಾಕೆಟ್ಟಿಗೆ ಕೂರಿಸಲಾಗಿದೆ ಎಂದಿಟ್ಟುಕೊಳ್ಳಿ. ಬ್ರ್ಯಾಕೆಟ್ಟು ಐದು ಪಟ್ಟು ಬಿಗಿಯಾಗಿದೆ, ಚಿಂತೆಯಿಲ್ಲ ಎಂದೆನ್ನಿಸಬಹುದು. ಆದರೆ ಎರಡೂ ಸೇರಿ ಕೊಡುವ ಬಿಗಿತ ಸುಮಾರು 167 ನ್ಯೂಟನ್ ಮಾತ್ರ. ಅಂಗಡಿಯಿಂದ ಹಣ ಕೊಟ್ಟು ತಂದ ಬಿಗಿತದಲ್ಲಿ ಆರನೆಯ ಒಂದು ಪಾಲು ಬ್ರ್ಯಾಕೆಟ್ಟಿನಲ್ಲಿಯೇ ಸೋರಿಹೋಯಿತು. ಸ್ಪ್ರಿಂಗ್ ಬದಲಿಸಿದರೂ ಕಾರಿನ ನಡತೆ ನಿರೀಕ್ಷೆಯಂತೆ ಬದಲಾಗುತ್ತಿಲ್ಲ ಎಂಬ ದೂರಿನ ಹಿಂದೆ ಅನೇಕ ವೇಳೆ ಇರುವುದು ಇಂತಹ ಸೋರಿಕೆಯೇ.

ಇದರ ಮೇಲೆ ಸನ್ನೆಕೋಲಿನ ಲೆಕ್ಕವೂ ಇದೆ. ಚಕ್ರ 10 ಮಿ.ಮೀ. ಮೇಲೇರಿದಾಗ ಸ್ಪ್ರಿಂಗ್ 8 ಮಿ.ಮೀ. ಮಾತ್ರ ಅದುಮುವಂತಿದ್ದರೆ, ಚಕ್ರದ ಬಳಿ ಸಿಗುವ ಬಿಗಿತ ಸ್ಪ್ರಿಂಗಿನದರ ನೂರಕ್ಕೆ 80 ಅಲ್ಲ, 64. ಅನುಪಾತದ ವರ್ಗದಂತೆ ಅದು ಇಳಿಯುತ್ತದೆ.

ತಿರುವಿನಲ್ಲಿ ಕಾಡುವುದು ಇನ್ನೊಂದು ಬಗೆಯ ಬಾಗುವಿಕೆ. ಅಪ್‌ರೈಟ್‌ನ ಮೇಲಿನ ಮತ್ತು ಕೆಳಗಿನ ಕೀಲುಗಳ ನಡುವೆ 200 ಮಿ.ಮೀ. ಅಂತರವಿದ್ದು, ಮೇಲಿನ ತೋಳು ಪಕ್ಕಕ್ಕೆ ಒಂದೇ ಮಿಲಿಮೀಟರ್ ಸರಿದರೂ ಚಕ್ರದ ವಾಲು ಸುಮಾರು 0.29 ಡಿಗ್ರಿ ಬದಲಾಗುತ್ತದೆ. ಪರೀಕ್ಷಾ ಓಟಗಳ ನಡುವೆ ಎಂಜಿನಿಯರ್‌ಗಳು ಈ ವಾಲನ್ನು ಕಾಲು, ಅರ್ಧ ಡಿಗ್ರಿಗಳ ಲೆಕ್ಕದಲ್ಲಿಯೇ ಹೊಂದಿಸುತ್ತಾರೆ. ಅಂದಮೇಲೆ ಅಳೆಯದೆ ಬಿಟ್ಟ ಒಂದು ಮಿಲಿಮೀಟರ್ ಆ ಹೊಂದಾಣಿಕೆಯನ್ನೆಲ್ಲ ನುಂಗಿಹಾಕಬಲ್ಲದು.

ಅಳೆಯುವ ಬಗೆ

ಹಾಗಾದರೆ ಅಳೆಯುವುದು ಹೇಗೆ? ದೊಡ್ಡ ತಂಡಗಳಲ್ಲಿ ಇಡೀ ಕಾರನ್ನು ಹಿಡಿದು ನಾಲ್ಕೂ ಚಕ್ರಗಳನ್ನು ತಳ್ಳಿ, ತಿರುಚಿ, ಪ್ರತಿಯೊಂದು ಕೋನವನ್ನೂ ದಾಖಲಿಸುವ ಯಂತ್ರಗಳಿವೆ. ಚಕ್ರಗಳನ್ನು ನಾಲ್ಕು ಕಂಬಗಳ ಮೇಲೆ ಕುಣಿಸುತ್ತ, ಇನ್ನು ಮೂರು ಕಡೆಗಳಿಂದ ಗಾಳಿಯ ಒತ್ತಡವನ್ನು ಅನುಕರಿಸಿ ಒಡಲನ್ನು ಎಳೆಯುವ ‘ಸೆವೆನ್ ಪೋಸ್ಟ್’ ಯಂತ್ರ ಇನ್ನೊಂದು. ಆದರೆ ಮೂಲ ತತ್ತ್ವಕ್ಕೆ ಇಷ್ಟೆಲ್ಲ ವೈಭವ ಬೇಕಿಲ್ಲ. ಗಟ್ಟಿಯಾದ ಒಂದು ಚೌಕಟ್ಟು, ತೂಕದ ಕಲ್ಲುಗಳು ಅಥವಾ ಲೋಡ್ ಸೆಲ್, ಮಿಲಿಮೀಟರ್‌ನ ನೂರನೆಯ ಒಂದು ಭಾಗವನ್ನು ತೋರಿಸುವ ಡಯಲ್ ಗೇಜ್, ಇವುಗಳ ಜೊತೆಗೆ ತಾಳ್ಮೆ ಇದ್ದರೆ ಸಾಕು.

ಎಡವುವ ಸ್ಥಳಗಳು ಮಾತ್ರ ಹಲವು. ಮೊದಲನೆಯದು ಚೌಕಟ್ಟಿನದೇ ಬಾಗುವಿಕೆ. ಒಂದು ತೋಳಿನ ಮೇಲೆ 1000 ನ್ಯೂಟನ್ ಹಾಕಿದಾಗ ಗೇಜ್ 0.5 ಮಿ.ಮೀ. ತೋರಿಸಿತೆನ್ನಿ. ಬಿಗಿತ 2000 ಎಂದು ಬರೆದಿಟ್ಟು ಎದ್ದುಬಿಡಬಹುದು. ಆದರೆ ಅದರಲ್ಲಿ 0.1 ಮಿ.ಮೀ. ಬಾಗಿದ್ದು ತೋಳನ್ನು ಹಿಡಿದಿದ್ದ ಚೌಕಟ್ಟು ಆಗಿದ್ದರೆ, ತೋಳಿನ ನಿಜವಾದ ಬಿಗಿತ 2500. ಹೀಗಾಗಿ ಗೇಜನ್ನು ನೆಲಕ್ಕೋ ಮೇಜಿಗೋ ಊರದೆ, ಭಾಗದ ಒಂದು ತುದಿಯನ್ನು ಇನ್ನೊಂದು ತುದಿಗೆ ಹೋಲಿಸುವಂತೆ ಊರಬೇಕು. ಇಲ್ಲವೇ ಚೌಕಟ್ಟಿನ ಬಾಗುವಿಕೆಯನ್ನು ಬೇರೆಯಾಗಿ ಅಳೆದು ಕಳೆಯಬೇಕು.

ಎರಡನೆಯದು, ಮೆಕ್ಯಾನಿಕ್‌ಗಳು ‘ಪ್ಲೇ’ ಎಂದು ಕರೆಯುವ ಸಡಿಲ. ಕೀಲುಗಳಲ್ಲಿರುವ ಕೂದಲೆಳೆಯ ಅಂತರ ಮೊದಲ ತೂಕಕ್ಕೇ ಮುಚ್ಚಿಹೋಗಿ, ಭಾಗ ಇರುವುದಕ್ಕಿಂತ ಮೆತ್ತಗೆ ಕಾಣುತ್ತದೆ. ಆದ್ದರಿಂದ ಮೊದಲು ಸ್ವಲ್ಪ ಭಾರ ಹೇರಿ ಸಡಿಲವನ್ನು ತೆಗೆದು, ಅನಂತರ ಗೇಜನ್ನು ಶೂನ್ಯಕ್ಕೆ ತಂದು ಅಳತೆ ಆರಂಭಿಸುವುದು ಕ್ರಮ. ಆದರೆ ಆ ಸಡಿಲವನ್ನು ಮರೆಯುವಂತಿಲ್ಲ. ರಸ್ತೆಯ ಮೇಲೆ ಚಾಲಕನಿಗೆ ಸ್ಟೀರಿಂಗ್‌ನ ಮಂಕುತನವಾಗಿ ತಿಳಿಯುವುದು ಅದೇ.

ಮೂರನೆಯದು, ಒಂದೇ ಬಿಂದುವಿನ ಅಳತೆಯನ್ನು ನಂಬುವುದು. ತೂಕವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ, ಹಾಗೆಯೇ ಇಳಿಸಿ, ಎರಡೂ ಸಲದ ಅಂಕಿಗಳನ್ನು ನಕ್ಷೆಯಲ್ಲಿ ಗುರುತಿಸಬೇಕು. ಏರುವ ಗೆರೆಯೂ ಇಳಿಯುವ ಗೆರೆಯೂ ಒಂದಾಗದಿದ್ದರೆ ಎಲ್ಲಿಯೋ ಘರ್ಷಣೆಯೋ ಜಾರುವ ಬೋಲ್ಟೋ ಇದೆ ಎಂದರ್ಥ. ತೂಕ ತೆಗೆದ ಮೇಲೂ ಗೇಜಿನ ಮುಳ್ಳು ಶೂನ್ಯಕ್ಕೆ ಮರಳದಿದ್ದರೆ ಯಾವುದೋ ಜೋಡಣೆ ಕದಲಿದೆ, ಇಲ್ಲವೇ ಭಾಗವೇ ಶಾಶ್ವತವಾಗಿ ಬಾಗಿದೆ. ಆ ಭಾಗವನ್ನು ಪರೀಕ್ಷಿಸದೆ ಕಾರಿಗೆ ಮರಳಿ ಜೋಡಿಸುವುದು ಅಪಾಯ.

ಗಣಕಯಂತ್ರದ ಲೆಕ್ಕವೊಂದಿದ್ದರೆ ಸಾಲದೇ ಎಂಬ ಪ್ರಶ್ನೆ ಸಹಜ. ಗಣಕದ ಮಾದರಿಯಲ್ಲಿ ಭಾಗದ ಒಂದು ತುದಿಯನ್ನು ಸಾಮಾನ್ಯವಾಗಿ ‘ಸ್ಥಿರ’ ಎಂದು ಘೋಷಿಸಿಬಿಡಲಾಗುತ್ತದೆ. ಕಾರಿನಲ್ಲಿ ಅಂತಹ ಸ್ಥಿರವಾದ ತುದಿ ಎಲ್ಲಿಯೂ ಇಲ್ಲ. ಆದ್ದರಿಂದಲೇ ಅಂತಹ ಲೆಕ್ಕ ಬಿಗಿತವನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುವುದು ಸಾಮಾನ್ಯ.

ಚಾಪೆ ಮತ್ತು ರಂಗೋಲಿ

ಇದುವರೆಗಿನದು ತಂಡದೊಳಗಿನ ಲೆಕ್ಕ. ಇದೇ ಅಳತೆ ನಿಯಮದ ಕೈಗೆ ಬಂದಾಗ ವಿಷಯ ಜಟಿಲವಾಗುತ್ತದೆ. ಯಾವ ಭಾಗವೂ ಪೂರ್ಣವಾಗಿ ಬಿಗಿಯಲ್ಲ ಎಂಬುದು ಸತ್ಯವಾದರೆ, ‘ಬಾಗಬಾರದು’ ಎಂಬ ನಿಯಮಕ್ಕೆ ಅರ್ಥವೇನು?

ಫಾರ್ಮುಲಾ ಒನ್‌ನ ತಾಂತ್ರಿಕ ನಿಯಮಾವಳಿ ಈ ಇಕ್ಕಟ್ಟನ್ನು ಒಪ್ಪಿಕೊಂಡಿದೆ. ಸ್ಟೀರಿಂಗನ್ನು ಸ್ಥಿರವಾಗಿ ಹಿಡಿದಾಗ ಚಕ್ರದ ಸ್ಥಾನವು ಸಸ್ಪೆನ್ಷನ್‌ನ ಮೇಲು-ಕೆಳಗಿನ ಚಲನೆಯನ್ನು ಮಾತ್ರ ಅವಲಂಬಿಸಿರಬೇಕು ಎಂದು ಕಳೆದ ದಶಕದ ಕೊನೆಯಲ್ಲಿ ನಿಯಮ ಬರೆದವರು, ಅದರ ಜೊತೆಗೇ ‘ಸಮಂಜಸವಾದ’ ಬಾಗುವಿಕೆಗೆ ವಿನಾಯಿತಿಯನ್ನೂ ಕೊಟ್ಟರು. ಸಮಂಜಸ ಎಂದರೆ ಎಷ್ಟು? ಉತ್ತರ ಕೊಡಬೇಕಾದದ್ದು ಅಳತೆ. ಸ್ಟೀರಿಂಗ್ ತಿರುಗಿಸಿದಾಗ ಕಾರಿನ ಮುಂಭಾಗ ಕೆಳಗಿಳಿಯುವಂತೆ ಕೆಲವು ತಂಡಗಳು ಸಸ್ಪೆನ್ಷನ್ ರೂಪಿಸಿದಾಗ, ನಿಯಂತ್ರಣ ಸಂಸ್ಥೆ ಎಫ್‌ಐಎ 2018ರಲ್ಲಿ 5 ಮಿ.ಮೀ. ಎಂಬ ಮಿತಿಯನ್ನು ಹೇರಿತು. ಅಂಕಿ ಬಂದ ಮೇಲೆ ವಾದಕ್ಕೆ ತೆರೆ ಬಿತ್ತು.

ಅಂಕಿಯಿಲ್ಲದಾಗ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಗಳಿವೆ. ರೆನೊ ತಂಡ 2005ರ ಕೊನೆಯಲ್ಲಿ ಕಾರಿನ ಮೂತಿಯೊಳಗೆ ಸ್ಪ್ರಿಂಗ್‌ಗಳ ನಡುವೆ ತೂಕವೊಂದನ್ನು ಇರಿಸಿ ಪುಟಿತವನ್ನು ತಣಿಸುವ ಸಾಧನವನ್ನು ತಂದಿತು. 2006ರ ಜರ್ಮನಿ ಸ್ಪರ್ಧೆಯಲ್ಲಿ ಅದನ್ನು ಸ್ಥಳೀಯ ಅಧಿಕಾರಿಗಳು ಒಪ್ಪಿದರು. ಆಗಸ್ಟ್‌ನಲ್ಲಿ ಎಫ್‌ಐಎ ಮೇಲ್ಮನವಿ ನ್ಯಾಯಾಲಯ ನಿಷೇಧಿಸಿತು. ಮುಂದಿನ ಮತ್ತು ಹಿಂದಿನ ಸಸ್ಪೆನ್ಷನ್‌ಗಳನ್ನು ದ್ರವದ ಕೊಳವೆಗಳಿಂದ ಬೆಸೆದಿದ್ದ ವ್ಯವಸ್ಥೆಗೂ 2014ರ ಋತುವಿನ ನಡುವೆಯೇ ಇದೇ ಗತಿಯಾಯಿತು. ಎರಡೂ ಸಂದರ್ಭಗಳಲ್ಲಿ ನಿನ್ನೆಯವರೆಗೆ ನ್ಯಾಯವಾಗಿದ್ದದ್ದು ಇಂದು ಅನ್ಯಾಯವಾಯಿತು.

ಹಾಗೆಂದು ಅಂಕಿಯೊಂದೇ ಎಲ್ಲಕ್ಕೂ ಮದ್ದಲ್ಲ ಎಂಬುದನ್ನು ರೆಕ್ಕೆಗಳ ವಿವಾದ ತೋರಿಸಿಕೊಟ್ಟಿದೆ. ಕಾರಿನ ಮುಂದಿನ ರೆಕ್ಕೆಯ ಎರಡೂ ಬದಿಗೆ ಸುಮಾರು 100 ಕೆ.ಜಿ. ಭಾರ ಹಾಕಿದಾಗ 15 ಮಿ.ಮೀ.ವರೆಗೆ ಬಾಗಲು ಅವಕಾಶವಿತ್ತು. 2025ರ ಜೂನ್ 1ರ ಸ್ಪೇನ್ ಸ್ಪರ್ಧೆಯಿಂದ ಆ ಮಿತಿಯನ್ನು 10 ಮಿ.ಮೀ.ಗೆ ಇಳಿಸಲಾಯಿತು. ಬಾಗುವ ರೆಕ್ಕೆಯಿಂದ ಮ್ಯಾಕ್ಲಾರೆನ್‌ಗೆ ಲಾಭವಾಗುತ್ತಿದೆ, ಹೊಸ ಪರೀಕ್ಷೆ ಅದನ್ನು ಕಟ್ಟಿಹಾಕುತ್ತದೆ ಎಂದು ಅನೇಕರು ಊಹಿಸಿದ್ದರು. ಆ ಸ್ಪರ್ಧೆಯ ಮೊದಲೆರಡು ಸ್ಥಾನಗಳೂ ಮ್ಯಾಕ್ಲಾರೆನ್ ಪಾಲಾದವು. ಏನೂ ಬದಲಾಗದೆ ಹಣ ಮಾತ್ರ ವ್ಯರ್ಥವಾಯಿತು ಎಂದು ಲೂಯಿಸ್ ಹ್ಯಾಮಿಲ್ಟನ್ ಟೀಕಿಸಿದರು.

ಇದರ ಮರ್ಮ ಅಳತೆಯ ವಿಧಾನದಲ್ಲಿಯೇ ಇದೆ. ಪರೀಕ್ಷೆ ನಡೆಯುವುದು ಕಾರು ನಿಂತಿರುವಾಗ, ಗೊತ್ತಾದ ಜಾಗದಲ್ಲಿ, ಗೊತ್ತಾದ ದಿಕ್ಕಿನಲ್ಲಿ, ನಿಧಾನವಾಗಿ ಹೇರುವ ಭಾರದಿಂದ. ಗಂಟೆಗೆ 300 ಕಿ.ಮೀ. ವೇಗದಲ್ಲಿ ಗಾಳಿ ಹೇರುವ ಭಾರ ಇಡೀ ಮೈಮೇಲೆ ಹರಡಿ, ಕೆಳಕ್ಕೂ ಹಿಂದಕ್ಕೂ ಒತ್ತುತ್ತದೆ. ಕಾರ್ಬನ್ ನೂಲನ್ನು ಯಾವ ದಿಕ್ಕಿಗೆ ಹಾಸಿದರೆ ಆ ದಿಕ್ಕಿಗೆ ಬಿಗಿತ ಬರುತ್ತದೆ. ಆದ್ದರಿಂದ ಪರೀಕ್ಷೆಯ ದಿಕ್ಕಿಗೆ ಬಿಗಿಯಾಗಿಯೂ ಗಾಳಿಯ ದಿಕ್ಕಿಗೆ ಸಡಿಲವಾಗಿಯೂ ವರ್ತಿಸುವ ಭಾಗವನ್ನು ರೂಪಿಸಲು ಸಾಧ್ಯ. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎಂಬ ನಮ್ಮ ಗಾದೆ ಇಲ್ಲಿ ಅಕ್ಷರಶಃ ಜಾರಿಯಲ್ಲಿದೆ. ಇದನ್ನು ಮನಗಂಡ ಎಫ್‌ಐಎ 2024ರ ಬೆಲ್ಜಿಯಂ ಸ್ಪರ್ಧೆಯಿಂದ ಅಭ್ಯಾಸದ ಅವಧಿಗಳಲ್ಲಿ ರೆಕ್ಕೆಗಳತ್ತ ಕ್ಯಾಮೆರಾ ನೆಟ್ಟು, ಓಡುವಾಗಿನ ಬಾಗುವಿಕೆಯನ್ನೇ ದಾಖಲಿಸತೊಡಗಿತು. 2026ರ ನಿಯಮಾವಳಿಯಲ್ಲಿ ಮುಂದಿನ, ಹಿಂದಿನ ರೆಕ್ಕೆಗಳ ಭಾಗಗಳು ಅಧಿಕೃತವಾಗಿಯೇ ಚಲಿಸಬಹುದು. ಆದರೆ ಅನುಮತಿಸಿದ ಚಲನೆಗೂ ಕದ್ದು ಬಾಗುವುದಕ್ಕೂ ವ್ಯತ್ಯಾಸ ಹೇಳಬೇಕಾದದ್ದು ಮತ್ತೆ ಅಳತೆಯೇ.

ಬೆನ್ನು ತೆತ್ತ ಬೆಲೆ

ಈ ಲೆಕ್ಕಗಳು ಕೇವಲ ಅಂಕಗಳಿಗೆ ಸಂಬಂಧಿಸಿದವಲ್ಲ. 2022ರಲ್ಲಿ ಕಾರಿನ ತಳದಿಂದಲೇ ನೆಲದತ್ತ ಹೀರುವ ಒತ್ತಡವನ್ನು ಪಡೆಯುವ ವಿನ್ಯಾಸ ಮರಳಿ ಬಂತು. ತಳ ನೆಲಕ್ಕೆ ಹತ್ತಿರವಿದ್ದಷ್ಟೂ ಹಿಡಿತ ಹೆಚ್ಚು. ಹತ್ತಿರ ಇರಿಸಲು ಸಸ್ಪೆನ್ಷನ್ ಕಲ್ಲಿನಂತೆ ಬಿಗಿಯಾಗಬೇಕು. ಅದೇ ವರ್ಷ 13 ಇಂಚಿನ ಚಕ್ರಗಳ ಎತ್ತರದ ಟೈರ್‌ಗಳು ಹೋಗಿ 18 ಇಂಚಿನ ತಗ್ಗು ಟೈರ್‌ಗಳು ಬಂದವು. ಹಿಂದೆ ಟೈರ್‌ನ ಗೋಡೆಯೇ ಆಘಾತದ ದೊಡ್ಡ ಪಾಲನ್ನು ನುಂಗುತ್ತಿತ್ತು. ಆ ಮೆತ್ತೆಯೂ ತೆಳುವಾಯಿತು.

ಪರಿಣಾಮವನ್ನು ಜೂನ್ 12ರಂದು ಬಾಕುವಿನಲ್ಲಿ ಜಗತ್ತು ಕಂಡಿತು. ಸ್ಪರ್ಧೆ ಮುಗಿದಾಗ ಹ್ಯಾಮಿಲ್ಟನ್ ಬೆನ್ನು ಹಿಡಿದುಕೊಂಡು ಕಷ್ಟಪಟ್ಟು ಕಾರಿನಿಂದ ಇಳಿದರು. ಕೆಲವೇ ದಿನಗಳಲ್ಲಿ ಎಫ್‌ಐಎ ಮಧ್ಯೆ ಪ್ರವೇಶಿಸಿತು. ಆಗಸ್ಟ್‌ನ ಬೆಲ್ಜಿಯಂ ಸ್ಪರ್ಧೆಯಿಂದ ಕಾರಿನ ಲಂಬ ಕಂಪನಕ್ಕೆ ಮಿತಿ ಬಂತು: 100 ಕಿ.ಮೀ. ಓಟದಲ್ಲಿ ಪ್ರತಿ ಕಿಲೋಗ್ರಾಂಗೆ 10 ಜೂಲ್. ತಳದ ಹಲಗೆಯ ರಂಧ್ರಗಳ ಸುತ್ತಲಿನ ಬಿಗಿತದ ಬಗೆಗೂ ಸ್ಪಷ್ಟನೆ ಹೊರಬಿತ್ತು. ಚಾಲಕನ ನೋವನ್ನು ಸಂಖ್ಯೆಗೆ ಇಳಿಸಿದ ಮೇಲೆಯೇ ಅದಕ್ಕೆ ಪರಿಹಾರ ದೊರೆತದ್ದು ಎಂಬುದು ಗಮನಾರ್ಹ.

ಕಂಪನ ಲೋಹಕ್ಕೂ ಒಳ್ಳೆಯದಲ್ಲ. 2005ರಲ್ಲಿ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಮುನ್ನಡೆಯಲ್ಲಿದ್ದ ಕಿಮಿ ರೈಕೊನನ್ ಅವರ ಮುಂದಿನ ಟೈರ್ ಸವೆದು ಚಪ್ಪಟೆಯಾಗಿತ್ತು. ಅದು ಎಬ್ಬಿಸಿದ ನಡುಕಕ್ಕೆ ಕೊನೆಯ ಸುತ್ತಿನ ಆರಂಭದಲ್ಲಿ ಸಸ್ಪೆನ್ಷನ್ ಮುರಿದುಬಿತ್ತು. ಗೆಲುವು ಫರ್ನಾಂಡೊ ಅಲೊನ್ಸೊ ಪಾಲಾಯಿತು. ಬಿಗಿತ ಬೇರೆ, ಬಲ ಬೇರೆ ಎಂಬ ಮಾತನ್ನು ಇಲ್ಲಿ ಮತ್ತೆ ನೆನೆಯಬೇಕು.

ನಮ್ಮ ಕಾಲೇಜುಗಳ ಅಂಗಳದಲ್ಲಿ

ಇದು ದೂರದ ಶ್ರೀಮಂತರ ಆಟ ಎಂದು ಕೈಬಿಡುವಂತಿಲ್ಲ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ರೇಸ್ ಕಾರು ಕಟ್ಟಿ ಸ್ಪರ್ಧಿಸುವ ಫಾರ್ಮುಲಾ ಎಸ್‌ಎಇ ಅಮೆರಿಕದಲ್ಲಿ 1981ರಲ್ಲಿ ಆರಂಭವಾಯಿತು. ಭಾರತದಲ್ಲಿ ಸುಪ್ರಾ ಎಸ್‌ಎಇ ಇಂಡಿಯಾ ಮತ್ತು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನಡೆಯುತ್ತ ಬಂದಿರುವ ಫಾರ್ಮುಲಾ ಭಾರತ್ ಅದೇ ಮಾದರಿಯವು. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್ ಸೇರಿದಂತೆ ಕರ್ನಾಟಕದ ವಿದ್ಯಾರ್ಥಿ ತಂಡಗಳು ಇಂತಹ ಸ್ಪರ್ಧೆಗಳಲ್ಲಿ ಹೆಸರು ಮಾಡಿವೆ.

ಈ ಸ್ಪರ್ಧೆಗಳಲ್ಲಿ ಓಟಕ್ಕೆ ಮಾತ್ರವಲ್ಲ, ವಿನ್ಯಾಸದ ಸಮರ್ಥನೆಗೂ ಅಂಕಗಳಿವೆ; ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಆ ವಿಭಾಗಕ್ಕೆ 150 ಅಂಕ. ತೀರ್ಪುಗಾರರು ಗಣಕದ ಬಣ್ಣದ ಚಿತ್ರಗಳಿಗೆ ತಲೆದೂಗಿ ಸುಮ್ಮನಾಗುವುದಿಲ್ಲ. ಲೆಕ್ಕ ಹಾಕಿದ ಬಿಗಿತವನ್ನು ಅಳೆದು ನೋಡಿದಿರಾ, ಎರಡಕ್ಕೂ ವ್ಯತ್ಯಾಸವೆಷ್ಟು, ಆ ವ್ಯತ್ಯಾಸ ಎಲ್ಲಿಂದ ಬಂತು ಎಂದು ಕೇಳುತ್ತಾರೆ. ನಾಲ್ಕು ಡಯಲ್ ಗೇಜ್, ಒಂದಿಷ್ಟು ತೂಕ, ಬೆಸುಗೆ ಹಾಕಿದ ಒಂದು ಚೌಕಟ್ಟು ಇದ್ದ ತಂಡ ಈ ಪ್ರಶ್ನೆಗೆ ಉತ್ತರಿಸಬಲ್ಲದು. ಕೆಲವೇ ಸಾವಿರ ರೂಪಾಯಿಗಳ ಗೇಜು ಲಕ್ಷಗಳ ಕಾರ್ಬನ್ ತೋಳಿಗಿಂತ ಹೆಚ್ಚಿನದನ್ನು ಕಲಿಸುವುದು ಇಲ್ಲಿಯೇ.

ಎಂಜಿನಿಯರಿಂಗ್ ಪದವೀಧರರಿಗೆ ಪ್ರಯೋಗದ ಅನುಭವ ಸಾಲದೆಂಬ ದೂರು ನಮ್ಮ ನಾಡಿನಲ್ಲಿ ಹಳೆಯದು. ಸೇತುವೆಯಾಗಲಿ, ಬಸ್ಸಿನ ಆಕ್ಸಲ್ ಆಗಲಿ, ಮೂಳೆಗೆ ಹಾಕುವ ಲೋಹದ ಪಟ್ಟಿಯಾಗಲಿ, ಎಷ್ಟು ಭಾರಕ್ಕೆ ಎಷ್ಟು ಬಾಗುತ್ತದೆ ಎಂಬ ಪ್ರಶ್ನೆ ಎಲ್ಲೆಡೆ ಒಂದೇ. ರೇಸ್ ಕಾರಿನ ಒಂದು ತೋಳನ್ನು ಪ್ರಾಮಾಣಿಕವಾಗಿ ಅಳೆದ ವಿದ್ಯಾರ್ಥಿ ಆ ಪ್ರಶ್ನೆಯನ್ನು ಇನ್ನೆಲ್ಲಿಯೂ ಮರೆಯಲಾರ.

ಲಾಸ್ ವೇಗಸ್‌ನ ಆ ರಾತ್ರಿ ಹೇಳುವುದೂ ಇದನ್ನೇ. ಓಟದ ನಂತರ ಅಧಿಕಾರಿಗಳ ಮೈಕ್ರೊಮೀಟರ್ ಹೇಳಿದ್ದು ಅಂತಿಮ ತೀರ್ಪು. ಅದರ ಮೇಲೆ ವಾದವಿಲ್ಲ. ಓಟಕ್ಕೆ ಮೊದಲು ತಂಡ ತಾನೇ ಅಳೆದುಕೊಂಡದ್ದಷ್ಟೇ ಅದರ ಕೈಯಲ್ಲಿರುವ ರಕ್ಷಣೆ. ಬಾಗದ ವಸ್ತು ಜಗತ್ತಿನಲ್ಲಿಲ್ಲ. ಬಾಗುವುದು ತಪ್ಪೂ ಅಲ್ಲ. ಎಷ್ಟು ಬಾಗುತ್ತದೆ ಎಂದು ತಿಳಿಯದೆ ಓಡಿಸುವುದು ಮಾತ್ರ ತಪ್ಪು.